ಪ್ರೋಗ್ರಾಮರ್‌ಗಳ ಯಂತ್ರ: ಸರದಿಯದೋ, ಸ್ವಂತದ್ದೋ

ತಂತ್ರಾಂಶ ಬರೆಯುವವರಿಗೆ ಕಂಪ್ಯೂಟರ್ ಒದಗಿಸಲು ಎರಡು ದಾರಿಗಳಿವೆ. ಒಂದು ದೊಡ್ಡ ಯಂತ್ರವನ್ನಿಟ್ಟು ಅದರಲ್ಲಿ ಪ್ರತಿಯೊಬ್ಬರ ಹೆಸರಿಗೂ ಒಂದು ಖಾತೆ ತೆರೆದುಕೊಡುವುದು ಹಳೆಯ ದಾರಿ. ಎಲ್ಲರೂ ಅದೇ ಯಂತ್ರಕ್ಕೆ ಲಾಗಿನ್ ಆಗುತ್ತಾರೆ, ಅದೇ ಆಪರೇಟಿಂಗ್ ಸಿಸ್ಟಂ ಬಳಸುತ್ತಾರೆ. ಕಡತಗಳು ಮಾತ್ರ ಅವರವರವು. ಇನ್ನೊಂದು ದಾರಿಯಲ್ಲಿ ಆ ದೊಡ್ಡ ಯಂತ್ರದ ಮೇಲೆ ತಂತ್ರಾಂಶದಿಂದಲೇ ಹಲವು ಸಣ್ಣ ಯಂತ್ರಗಳನ್ನು ಕಟ್ಟಿ, ತಲೆಗೊಂದರಂತೆ ಹಂಚಲಾಗುತ್ತದೆ. ಇವು ವರ್ಚುವಲ್ ಮಷೀನ್‌ಗಳು. ಈ ಕಸುಬಿನವರ ಬಾಯಲ್ಲಿ ವಿಎಂ. ಪ್ರತಿ ವಿಎಂಗೂ ತನ್ನದೇ ಆಪರೇಟಿಂಗ್ ಸಿಸ್ಟಂ, ತನ್ನದೇ ಡಿಸ್ಕ್, ತನ್ನದೇ ನೆಟ್‌ವರ್ಕ್ ವಿಳಾಸ. ಒಳಗಿರುವವರಿಗೆ ಅದು ಪೂರಾ ಸ್ವಂತ ಕಂಪ್ಯೂಟರ್ ಎಂದೇ ಕಾಣುತ್ತದೆ. ಎರಡರಲ್ಲೂ ಅಡಿಯಲ್ಲಿರುವ ಹಾರ್ಡ್‌ವೇರ್ ಒಂದೇ. ಬಳಕೆದಾರರ ನಡುವಿನ ಗೋಡೆ ಒಂದರಲ್ಲಿ ಆಪರೇಟಿಂಗ್ ಸಿಸ್ಟಂನ ಒಳಗಿದೆ, ಇನ್ನೊಂದರಲ್ಲಿ ಅದರ ಕೆಳಗಿದೆ. ಮಿಕ್ಕ ವ್ಯತ್ಯಾಸಗಳೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿದವು.

ಹಂಚಿಕೆಯ ಮೊದಲ ರೂಪವನ್ನು ಮಂಡ್ಯ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆಲೆಮನೆ ಇಲ್ಲದ ರೈತ ಇನ್ನೊಬ್ಬರ ಆಲೆಮನೆಗೆ ಕಬ್ಬು ಸಾಗಿಸಿ ತನ್ನ ಸರದಿಗೆ ಕಾಯುತ್ತಾನೆ. ಅವನ ಕಬ್ಬು ಗಾಣಕ್ಕೆ ಬಿದ್ದಾಗ ಬೇರೆಯವರ ಕಬ್ಬು ಹೊರಗಿರುತ್ತದೆ. ಕೊಪ್ಪರಿಗೆ ಇಳಿದು ಅಚ್ಚು ಆರಿದ ಮೇಲೆ ಅವನು ಬೆಲ್ಲದೊಂದಿಗೆ ಮನೆಗೆ ಹೊರಡುತ್ತಾನೆ. 1950ರ ದಶಕದ ಕಂಪ್ಯೂಟರ್ ಕೇಂದ್ರಗಳು ನಡೆದದ್ದು ಹೀಗೆಯೇ. ಪ್ರೋಗ್ರಾಂ ಬರೆದವರು ಅದನ್ನು ತೂತು ಹೊಡೆದ ಕಾರ್ಡುಗಳ ಕಟ್ಟಾಗಿ ಕಿಟಕಿಯಲ್ಲಿ ಕೊಟ್ಟು ಬರಬೇಕಿತ್ತು. ಸರದಿ ಬಂದಾಗ ಆಪರೇಟರ್ ಅದನ್ನು ಯಂತ್ರಕ್ಕೆ ತಿನ್ನಿಸುತ್ತಿದ್ದ. ಉತ್ತರ ಮುದ್ರಿತ ಹಾಳೆಗಳಾಗಿ ಕೆಲವು ಗಂಟೆಗಳ ನಂತರವೋ ಮಾರನೇ ದಿನವೋ ಕೈಗೆ ಬರುತ್ತಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು. ಯಂತ್ರದ ಒಂದು ನಿಮಿಷವೂ ಪೋಲಾಗುತ್ತಿರಲಿಲ್ಲ. ಪೋಲಾಗುತ್ತಿದ್ದುದು ಮನುಷ್ಯರ ದಿನಗಳು. ಕಂಪ್ಯೂಟರಿನ ಬೆಲೆಯ ಮುಂದೆ ಪ್ರೋಗ್ರಾಮರ್‌ನ ಸಂಬಳ ಏನೂ ಅಲ್ಲದ ಕಾಲದಲ್ಲಿ ಈ ಲೆಕ್ಕ ಎಲ್ಲರಿಗೂ ಸರಿಯಾಗಿಯೇ ಕಂಡಿತ್ತು.

ಈ ಕಾಯುವಿಕೆಯನ್ನು ತಪ್ಪಿಸಲು ಹುಟ್ಟಿದ್ದು ಟೈಮ್‌ಶೇರಿಂಗ್, ಅಂದರೆ ಕಾಲವನ್ನೇ ಹಂಚಿಕೊಳ್ಳುವುದು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಾಟೊ ಅವರ ತಂಡ 1961ರಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಓಡಿಸಿ ತೋರಿಸಿತು. ಹಲವರು ತಮ್ಮ ತಮ್ಮ ಟರ್ಮಿನಲ್ ಮುಂದೆ ಕುಳಿತು ಒಂದೇ ಕಂಪ್ಯೂಟರನ್ನು ಬಳಸುತ್ತಿದ್ದರು. ಯಂತ್ರ ಒಬ್ಬರ ಕೆಲಸವನ್ನು ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತು ಮಾಡಿ, ಅದನ್ನು ಬದಿಗಿಟ್ಟು ಮುಂದಿನವರದ್ದನ್ನು ಎತ್ತಿಕೊಳ್ಳುತ್ತಿತ್ತು. ಮನುಷ್ಯ ಒಂದು ಸಾಲು ಟೈಪ್ ಮಾಡಿ ಯೋಚಿಸುವಷ್ಟರಲ್ಲಿ ಅದು ಉಳಿದವರೆಲ್ಲರ ಸುತ್ತು ಮುಗಿಸಿ ಬಂದಿರುತ್ತಿತ್ತು. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಂತೆ ನೀರು ಬಿಡುವುದಕ್ಕೂ ಇದಕ್ಕೂ ತತ್ವ ಒಂದೇ, ಸರದಿಯ ಅವಧಿಯಷ್ಟೇ ಬೇರೆ. ನಾಲೆಯಲ್ಲಿ ಸರದಿ ದಿನಗಳದ್ದಾದರೆ ಇಲ್ಲಿ ಕ್ಷಣದ ತುಣುಕುಗಳದ್ದು.

ನಾಲೆಯ ತಾಪತ್ರಯವೂ ಜೊತೆಗೇ ಬಂತು. ಮೇಲಿನವರು ಹೆಚ್ಚು ಎಳೆದುಕೊಂಡರೆ ಮದ್ದೂರು, ಮಳವಳ್ಳಿಯ ಕೊನೇ ಭಾಗದ ಗದ್ದೆಗಳಿಗೆ ನೀರು ತಲುಪುವುದಿಲ್ಲ ಎಂಬುದು ಆ ಸೀಮೆಯ ಹಳೆಯ ದೂರು. ಹಂಚಿಕೊಂಡ ಯಂತ್ರದಲ್ಲಿಯೂ ಒಬ್ಬರ ಪ್ರೋಗ್ರಾಂ ಮೆಮೊರಿಯನ್ನೆಲ್ಲ ನುಂಗಿದರೆ ಮಿಕ್ಕವರ ಪರದೆಗಳು ನಿಂತುಬಿಡುತ್ತವೆ. ಅದಕ್ಕಾಗಿ ಮಿತಿ ಬೇಕು, ಮಿತಿ ಹಾಕುವವರು ಬೇಕು, ಯಾರು ಯಾರೆಂದು ಗುರುತಿಸುವ ಉಪಾಯ ಬೇಕು. ಕಂಪ್ಯೂಟರಿಗೆ ಪಾಸ್‌ವರ್ಡ್ ಬಳಸಿದ ಮೊದಮೊದಲ ವ್ಯವಸ್ಥೆಗಳಲ್ಲಿ ಸಿಟಿಎಸ್‌ಎಸ್ ಒಂದು. 1966ರಲ್ಲಿ ಅಲ್ಲೊಂದು ಎಡವಟ್ಟಾಯಿತು. ಲಾಗಿನ್ ಆದವರಿಗೆ ಆ ದಿನದ ಸೂಚನೆ ತೋರಿಸುವ ಕಡತವೂ ಎಲ್ಲರ ಪಾಸ್‌ವರ್ಡ್ ಇದ್ದ ಕಡತವೂ ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಎಲ್ಲರ ಪಾಸ್‌ವರ್ಡ್‌ಗಳೂ ಕಾಣಿಸಿದವು. ಒಂದೇ ಯಂತ್ರದಲ್ಲಿ ಹಲವರು ವಾಸ ಮಾಡುವುದರ ಅಪಾಯ ಅಷ್ಟು ಹಿಂದೆಯೇ ಗೊತ್ತಾಗಿತ್ತು.

ಅದೇ ಎಂಐಟಿಯಲ್ಲಿ 1961ರಲ್ಲಿ ಜಾನ್ ಮೆಕಾರ್ಥಿ ಒಂದು ಭಾಷಣದಲ್ಲಿ, ಮುಂದೊಂದು ದಿನ ಕಂಪ್ಯೂಟರ್ ಶಕ್ತಿಯೂ ಟೆಲಿಫೋನಿನಂತೆ ಸಾರ್ವಜನಿಕ ಸೇವೆಯಾಗಬಹುದು ಎಂದಿದ್ದರು. ಒಂದು ಕಡೆ ಉತ್ಪಾದನೆ, ದೂರದಲ್ಲಿ ಬಳಕೆ ಎಂಬ ಈ ಕಲ್ಪನೆಯ ವಿದ್ಯುತ್ ರೂಪವನ್ನು ಮಳವಳ್ಳಿ ತಾಲ್ಲೂಕು ಅದಕ್ಕೂ ಆರು ದಶಕ ಮೊದಲೇ ಕಂಡಿತ್ತು. ಆ ತಾಲ್ಲೂಕಿನ ಶಿವನಸಮುದ್ರದ ವಿದ್ಯುತ್ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಪ್ರತಿ ಗಣಿಯೂ ತನ್ನದೇ ಉಗಿಯಂತ್ರವನ್ನು ಸಾಕಬೇಕಾದ ಅಗತ್ಯ ಅಲ್ಲಿಂದ ಕಡಿಮೆಯಾಗತೊಡಗಿತು.

ಕರ್ನಾಟಕದಲ್ಲಿ ಹಂಚಿಕೊಂಡ ಕಂಪ್ಯೂಟರಿನ ಚರಿತ್ರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಂದಿಗೆ ಬೆಸೆದುಕೊಂಡಿದೆ. 1970ರ ಹೊತ್ತಿಗೆ ಅಲ್ಲಿ ಕಂಪ್ಯೂಟರ್ ಕೇಂದ್ರ ಶುರುವಾದಾಗ ಇದ್ದದ್ದು ಐಬಿಎಂ 360/44. ಕಾರ್ಡು ಕೊಟ್ಟು ಹಾಳೆ ಪಡೆಯುವ ಆಲೆಮನೆ ಕಾಲದ ಯಂತ್ರ. ಮುಂದೆ ಬಂದ ಡೆಕ್ ಕಂಪನಿಯ ಯಂತ್ರದಲ್ಲಿ ಟರ್ಮಿನಲ್ ಮುಂದೆ ಕೂತು ಕೆಲಸ ಮಾಡುವುದು ಸಾಧ್ಯವಾಯಿತು. ಈ ಕೇಂದ್ರವೇ ಬೆಳೆದು ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನ ಕೇಂದ್ರವಾಯಿತು. 1982ರಿಂದ 1994ರವರೆಗೆ ಅದರ ಹೊಣೆ ಹೊತ್ತಿದ್ದ ವಿ. ರಾಜಾರಾಮನ್ ಅವರ ಅಗ್ಗದ ಬೆಲೆಯ ಪಠ್ಯಪುಸ್ತಕಗಳನ್ನು ಓದಿ ಪ್ರೋಗ್ರಾಂ ಬರೆಯಲು ಕಲಿತವರು ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎರಡು ಮೂರು ತಲೆಮಾರಿನಷ್ಟು ಜನ ಇದ್ದಾರೆ.

ಕಂಪನಿಗಳ ಕಡೆಯೂ ಹಂಚಿಕೆಯೇ ನಿಯಮವಾಗಿತ್ತು. ಮೈಸೂರಿನ ಎನ್‌ಐಇಯಲ್ಲಿ ಓದಿದ ಎನ್.ಆರ್. ನಾರಾಯಣ ಮೂರ್ತಿ ತಮ್ಮ ವೃತ್ತಿಯ ಆರಂಭದಲ್ಲಿ ಅಹಮದಾಬಾದಿನ ಐಐಎಂನಲ್ಲಿ ದುಡಿದದ್ದು ದೇಶದ ಮೊದಮೊದಲ ಟೈಮ್‌ಶೇರಿಂಗ್ ವ್ಯವಸ್ಥೆಗಳಲ್ಲೊಂದರ ಮೇಲೆ. ಅವರು ಮತ್ತು ಜೊತೆಗಾರರು 1981ರಲ್ಲಿ ಪುಣೆಯಲ್ಲಿ ಕಟ್ಟಿ, 1983ರಲ್ಲಿ ಬೆಂಗಳೂರಿಗೆ ತಂದ ಇನ್ಫೋಸಿಸ್ ವಿದೇಶದಿಂದ ತರಿಸಿಕೊಂಡ ಮೊದಲ ಕಂಪ್ಯೂಟರ್ ಡೇಟಾ ಜನರಲ್‌ನ ಎಂವಿ/8000. ಟ್ರೇಸಿ ಕಿಡರ್ ಬರೆದು ಪುಲಿಟ್ಜರ್ ಗೆದ್ದ ‘ದಿ ಸೋಲ್ ಆಫ್ ಎ ನ್ಯೂ ಮಷೀನ್’ ಪುಸ್ತಕದ ವಸ್ತು ಇದೇ ಯಂತ್ರದ ನಿರ್ಮಾಣ. ಆಮದಿಗೆ ಪರವಾನಗಿ, ವಿದೇಶಿ ವಿನಿಮಯಕ್ಕೆ ಪರವಾನಗಿ, ಮೇಲೆ ಭಾರಿ ಸುಂಕ ಎಂಬ ಆ ಕಾಲದಲ್ಲಿ ತಲೆಗೊಂದು ಯಂತ್ರ ಎಂಬ ಮಾತೇ ಇರಲಿಲ್ಲ. ಯಂತ್ರ ಒಂದು, ಟರ್ಮಿನಲ್ ಹಲವು.

ಹಂಚಿಕೊಂಡ ಯಂತ್ರದ ಸಂಸಾರ ಹೇಗೆ ನಡೆಯುತ್ತದೆ ಎಂಬುದನ್ನು ಯುನಿಕ್ಸ್‌ನಲ್ಲಿ ನೋಡುವುದು ಸುಲಭ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಶುರುಮಾಡಿದ ಈ ಆಪರೇಟಿಂಗ್ ಸಿಸ್ಟಂನ ಪದ್ಧತಿಗಳೇ ಇಂದಿನ ಲಿನಕ್ಸ್‌ನಲ್ಲೂ ಇವೆ. ವಿಟಿಯು ಕಾಲೇಜುಗಳಲ್ಲಿ ಯುನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ಓದಿದವರಿಗೆ ಒಂದು ಸಾಲು ಮರೆತಿರಲಾರದು: ಕಡತದ ಹೆಸರಿನ ಎಡಕ್ಕೆ ಆರ್, ಡಬ್ಲ್ಯು, ಎಕ್ಸ್ ಎಂಬ ಮೂರು ಅಕ್ಷರಗಳು ಮೂರು ಸಲ. ಮೊದಲ ಮೂರು ಕಡತದ ಒಡೆಯರಿಗೆ, ನಡುವಿನ ಮೂರು ಅವರ ಗುಂಪಿಗೆ, ಕೊನೆಯ ಮೂರು ಊರಿನ ಮಿಕ್ಕವರಿಗೆ. ಓದಬಹುದೇ, ತಿದ್ದಬಹುದೇ, ಓಡಿಸಬಹುದೇ ಎಂಬ ಮೂರು ಪ್ರಶ್ನೆಗೆ ಒಂಬತ್ತು ಅಕ್ಷರಗಳಲ್ಲಿ ಉತ್ತರ. ಅಕ್ಷರದ ಜಾಗದಲ್ಲಿ ಅಡ್ಡಗೆರೆ ಇದ್ದರೆ ಅನುಮತಿ ಇಲ್ಲ ಎಂದರ್ಥ. ಐದು ದಶಕ ಕಳೆದರೂ ಇದಕ್ಕಿಂತ ಚುಟುಕಾದ ಕರಾರುಪತ್ರವನ್ನು ಯಾರೂ ಬರೆದಿಲ್ಲ.

ಎಲ್ಲರ ತಾತ್ಕಾಲಿಕ ಕಡತಗಳೂ ಬೀಳುವ ಟೆಂಪ್ ಎಂಬ ಫೋಲ್ಡರ್ ವಠಾರದ ನಡುವಿನ ಅಂಗಳವಿದ್ದಂತೆ. ಅಲ್ಲಿ ಯಾರು ಬೇಕಾದರೂ ಬಟ್ಟೆ ಒಣಹಾಕಬಹುದು. ಆದರೆ ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ತೆಗೆಯುವಂತಿಲ್ಲ. ಸ್ಟಿಕಿ ಬಿಟ್ ಎಂಬ ಗುರುತು ಮಾಡುವ ಕೆಲಸ ಇಷ್ಟೇ. ವಠಾರದಲ್ಲಿ ಗುಟ್ಟು ಉಳಿಯುವುದು ಕಷ್ಟ ಎಂಬುದೂ ಇಲ್ಲಿಗೆ ಸಲ್ಲುವ ಮಾತು. ಓಡುತ್ತಿರುವ ಕೆಲಸಗಳ ಪಟ್ಟಿ ಕೇಳಿದರೆ ಸಾಮಾನ್ಯವಾಗಿ ಎಲ್ಲರ ಕೆಲಸಗಳೂ, ಅವರು ಟೈಪ್ ಮಾಡಿದ ಪೂರ್ತಿ ಆಜ್ಞೆಯೂ ಕಾಣುತ್ತವೆ. ಯಾರಾದರೂ ಅವಸರದಲ್ಲಿ ಪಾಸ್‌ವರ್ಡನ್ನು ಆಜ್ಞೆಯ ಜೊತೆಗೇ ಬರೆದಿದ್ದರೆ ಅದೂ ಕಂಡೀತು. ಬಹುಕಾಲ ಉಬುಂಟು ಎಂಬ ಲಿನಕ್ಸ್‌ನಲ್ಲಿ ಒಬ್ಬರ ಹೋಂ ಫೋಲ್ಡರಿನೊಳಗೆ ಇತರರು ಇಣುಕಬಹುದಿತ್ತು. ಅದನ್ನು ಮುಚ್ಚಿದ್ದು 2021ರ 21.04 ಆವೃತ್ತಿಯಲ್ಲಿ.

ಈ ಸಂಸಾರಕ್ಕೆ ಅಡ್ಮಿನ್ ಎಂಬ ಒಬ್ಬ ಯಜಮಾನ ಇರುತ್ತಾನೆ. ಅವನ ಖಾತೆಯ ಹೆಸರು ರೂಟ್. ಒಂಬತ್ತು ಅಕ್ಷರಗಳ ಕರಾರು ಅವನಿಗೆ ಅನ್ವಯಿಸುವುದಿಲ್ಲ. ಹೊಸ ತಂತ್ರಾಂಶ ಹಾಕುವುದು, ಖಾತೆ ತೆರೆಯುವುದು, ಡಿಸ್ಕಿನ ಪಾಲು ಗೊತ್ತುಮಾಡುವುದು ಎಲ್ಲ ಅವನ ಕೈಲಿ. ಆ ಅಧಿಕಾರದ ತುಣುಕನ್ನು ಆಗಾಗ ಎರವಲು ಕೊಡುವ ಸುಡೂ ಎಂಬ ಆಜ್ಞೆ 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಡೆವಲಪರ್‌ಗಳ ಗೊಣಗಾಟವೂ ಅಡ್ಮಿನ್‌ನ ಗೊಣಗಾಟವೂ ಹುಟ್ಟುವುದು ಈ ಜಾಗದಲ್ಲೇ. ಒಬ್ಬರಿಗೆ ಡೇಟಾಬೇಸಿನ ಹಳೆಯ ಆವೃತ್ತಿ ಬೇಕು, ಪಕ್ಕದವರಿಗೆ ಹೊಸದು. ಇಬ್ಬರೂ ತಮ್ಮ ವೆಬ್ ಪ್ರೋಗ್ರಾಂ ಅನ್ನು ಯಂತ್ರದ ನೆಟ್‌ವರ್ಕ್ ಬಾಗಿಲುಗಳಲ್ಲೊಂದಾದ 8080ನೇ ಪೋರ್ಟಿನಲ್ಲೇ ಓಡಿಸಲು ಹೊರಟರೆ ಎರಡನೆಯವರಿಗೆ ಆ ಪೋರ್ಟ್ ಖಾಲಿಯಿಲ್ಲ ಎಂಬ ಉತ್ತರ ಬರುತ್ತದೆ. ಅಡ್ಮಿನ್ ರಜೆಯಲ್ಲಿದ್ದರೆ ಒಂದು ಲೈಬ್ರರಿ ಹಾಕಿಸಿಕೊಳ್ಳಲು ಸೋಮವಾರದವರೆಗೆ ಕಾಯಬೇಕು. ಎಲ್ಲರಿಗೂ ರೂಟ್ ಕೊಟ್ಟರೋ, ಒಬ್ಬರ ಒಂದು ತಪ್ಪು ಆಜ್ಞೆಗೆ ಇಡೀ ತಂಡದ ಕೆಲಸ ಮಣ್ಣುಪಾಲು.

ಇಷ್ಟು ಬಿಗಿ ಇರಬೇಕಾದ ಕೆಲಸಗಳೂ ಇವೆ, ಇದ್ದರೇ ಒಳ್ಳೆಯದು. ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿ, 2001ರ ಹೊತ್ತಿಗೆ ಮಳವಳ್ಳಿ, ಮದ್ದೂರು ಸೇರಿದಂತೆ 170ಕ್ಕೂ ಹೆಚ್ಚು ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರ್‌ನಿಂದ ಪಹಣಿ ಕೊಡುವುದು ಶುರುವಾಯಿತು. ಅಲ್ಲಿ ದಾಖಲೆ ತಿದ್ದುವ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಖಾತೆ ಬದಲಾವಣೆ ಮಾಡಿದ್ದು ಯಾರು ಎಂಬ ಪ್ರಶ್ನೆ ಎದ್ದಾಗ ‘ನನ್ನ ಪಾಸ್‌ವರ್ಡ್ ಕದ್ದಿದ್ದಾರೆ’ ಎಂದು ತಪ್ಪಿಸಿಕೊಳ್ಳುವ ದಾರಿ ಅದರಿಂದ ಮುಚ್ಚಿತು. ಒಂದೇ ವ್ಯವಸ್ಥೆ, ಹಲವು ಕೈ, ಪ್ರತಿ ಕೈಗೂ ಗುರುತು ಎಂಬುದು ಹಂಚಿಕೊಂಡ ಯಂತ್ರದ ಅತ್ಯುತ್ತಮ ಗುಣ. ಎಲ್ಲರೂ ಒಂದೇ ದಾಖಲೆಯನ್ನು ನೋಡಬೇಕಾದ ಕಡೆ ತಲೆಗೊಂದು ಯಂತ್ರ ಕೊಡುವುದು ಅರ್ಥವಿಲ್ಲದ ಕೆಲಸ.

ಪ್ರೋಗ್ರಾಂ ಬರೆಯುವವರ ಕೆಲಸ ಮಾತ್ರ ಬೇರೆ ಸ್ವಭಾವದ್ದು. ಅವರು ದಿನವೂ ಏನನ್ನಾದರೂ ಮುರಿಯಬೇಕು. ಹೊಸ ಆವೃತ್ತಿ ಹಾಕಿ ನೋಡಬೇಕು, ಡೇಟಾಬೇಸನ್ನು ಅಳಿಸಿ ಮತ್ತೆ ತುಂಬಬೇಕು, ಕೆಲವೊಮ್ಮೆ ಆಪರೇಟಿಂಗ್ ಸಿಸ್ಟಂನ ಹೊಟ್ಟೆಗೇ ಕೈ ಹಾಕಬೇಕು. ಅದಕ್ಕಾಗಿಯೇ ‘ಸ್ವಂತ ಯಂತ್ರ’ದ ಆಸೆ ಟೈಮ್‌ಶೇರಿಂಗ್‌ನಷ್ಟೇ ಹಳೆಯದು. ಐಬಿಎಂನ ಕೇಂಬ್ರಿಜ್ ಕೇಂದ್ರದಲ್ಲಿ 1960ರ ದಶಕದ ನಡುವಿನಲ್ಲಿ ಶುರುವಾದ ಸಿಪಿ-40, ಅದರ ನಂತರ ಬಂದ ಸಿಪಿ-67 ಎಂಬ ವ್ಯವಸ್ಥೆಗಳು ಪ್ರತಿ ಬಳಕೆದಾರರಿಗೂ ಒಂದು ಇಡೀ ಕಂಪ್ಯೂಟರಿನ ನಕಲು ಒದಗಿಸಿದವು. 1972ರಲ್ಲಿ ಅದು ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಲಾಗಿನ್ ಆಗುವುದೆಂದರೆ ತನ್ನ ವರ್ಚುವಲ್ ಯಂತ್ರವನ್ನು ಚಾಲೂ ಮಾಡುವುದೇ. ವಿಎಂ ಎಂದರೆ ಇತ್ತೀಚಿನ ಕ್ಲೌಡ್ ಕಂಪನಿಗಳ ಕಾಣಿಕೆ ಎಂದುಕೊಂಡವರು ಈ ಇಸವಿಯನ್ನು ಇನ್ನೊಮ್ಮೆ ನೋಡಬೇಕು.

ಈ ನಕಲನ್ನು ನಡೆಸುವ ತಂತ್ರಾಂಶದ ಹೆಸರು ಹೈಪರ್‌ವೈಸರ್. ವಿಎಂ ಒಳಗಿನ ಆಪರೇಟಿಂಗ್ ಸಿಸ್ಟಂ ತಾನೇ ಒಡೆಯ ಎಂದು ಭಾವಿಸಿ ಹಾರ್ಡ್‌ವೇರಿಗೆ ಆಜ್ಞೆ ಕೊಡುತ್ತದೆ. ಸಾಧಾರಣ ಲೆಕ್ಕಾಚಾರದ ಆಜ್ಞೆಗಳು ನೇರ ಪ್ರೊಸೆಸರಿಗೇ ಹೋಗುತ್ತವೆ. ಅಪಾಯದ ಆಜ್ಞೆ ಬಂದಾಗ ಪ್ರೊಸೆಸರ್ ಅಲ್ಲಿಗೇ ತಡೆದು ಹೈಪರ್‌ವೈಸರಿಗೆ ಒಪ್ಪಿಸುತ್ತದೆ. ಅದು ಆ ಕೆಲಸವನ್ನು ಮಾಡಿದಂತೆ ನಟಿಸಿ ಉತ್ತರ ಕೊಡುತ್ತದೆ. ಇಂಥ ನಟನೆಗೆ ಪ್ರೊಸೆಸರಿನಲ್ಲಿ ಏನೇನು ಇರಬೇಕು ಎಂಬುದನ್ನು 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಬರೆದಿಟ್ಟರು. ಮನೆಮನೆಗೆ ಬಂದ ಇಂಟೆಲ್ ಚಿಪ್‌ಗಳಲ್ಲಿ ಅದು ಇರಲಿಲ್ಲ. ಕೆಲವು ಆಜ್ಞೆಗಳು ತಡೆಗೆ ಸಿಗದೆ ಸದ್ದಿಲ್ಲದೆ ಬೇರೆಯೇ ಕೆಲಸ ಮಾಡಿಬಿಡುತ್ತಿದ್ದವು. 1998ರಲ್ಲಿ ಹುಟ್ಟಿದ ವಿಎಂವೇರ್ ಅಂಥ ಆಜ್ಞೆಗಳನ್ನು ಓಡುವ ಹೊತ್ತಿನಲ್ಲೇ ಬದಲಿಸುವ ಜಾಣತನದಿಂದ 1999ರಲ್ಲಿ ಸಾಮಾನ್ಯ ಪಿಸಿಯಲ್ಲಿ ವಿಎಂ ಓಡಿಸಿತು. 2005–06ರಲ್ಲಿ ಇಂಟೆಲ್, ಎಎಂಡಿ ಚಿಪ್‌ಗಳಲ್ಲೇ ಅನುಕೂಲ ಬಂತು. 2006ರಲ್ಲಿ ಅಮೆಜಾನ್ ಗಂಟೆ ಲೆಕ್ಕದಲ್ಲಿ ವಿಎಂ ಬಾಡಿಗೆಗೆ ಕೊಡಲು ಶುರುಮಾಡಿತು. 2007ರಲ್ಲಿ ಕೆವಿಎಂ ಎಂಬ ಹೈಪರ್‌ವೈಸರ್ ಲಿನಕ್ಸ್‌ನ ಭಾಗವೇ ಆಯಿತು.

ಡೆವಲಪರ್‌ಗಳಿಗೆ ವಿಎಂನಿಂದ ಸಿಕ್ಕ ದೊಡ್ಡ ಸ್ವಾತಂತ್ರ್ಯ ರೂಟ್. ಅದು ಅವರ ಯಂತ್ರ. ಏನು ಬೇಕಾದರೂ ಹಾಕಬಹುದು, ಕೆಡಿಸಿದರೆ ಕೆಡುವುದು ಅದೊಂದೇ. ಎರಡನೆಯದು ಸ್ನ್ಯಾಪ್‌ಶಾಟ್. ಅಪಾಯದ ಪ್ರಯೋಗಕ್ಕೆ ಮೊದಲು ಯಂತ್ರದ ಆ ಕ್ಷಣದ ಸ್ಥಿತಿಯನ್ನು ಇದ್ದಹಾಗೇ ಉಳಿಸಿಟ್ಟು, ಎಡವಟ್ಟಾದರೆ ಆ ಕ್ಷಣಕ್ಕೆ ಮರಳಬಹುದು. ಹಂಚಿಕೊಂಡ ಯಂತ್ರದಲ್ಲಿ ಈ ಸೌಕರ್ಯ ಒಬ್ಬೊಬ್ಬರಿಗೆ ಕೊಡಲಾಗದು, ಏಕೆಂದರೆ ಒಬ್ಬರು ನಿನ್ನೆಗೆ ಮರಳಿದರೆ ಉಳಿದವರ ಇಂದಿನ ಕೆಲಸ ಅಳಿಸಿಹೋಗುತ್ತದೆ. ಮೂರನೆಯದು, ಗ್ರಾಹಕರ ಬಳಿ ಯಾವ ಆವೃತ್ತಿ ಓಡುತ್ತಿದೆಯೋ ಅದನ್ನೇ ಮೇಜಿನ ಮೇಲೆ ಇಟ್ಟುಕೊಂಡು ಪರೀಕ್ಷಿಸುವ ಅನುಕೂಲ. ‘ನಮ್ಮ ಮೆಷೀನಲ್ಲಿ ಓಡುತ್ತೆ ಸಾರ್’ ಎಂಬ ಪ್ರಸಿದ್ಧ ಉತ್ತರಕ್ಕೆ ಮದ್ದಾಗಿ 2010ರಲ್ಲಿ ವೇಗ್ರಂಟ್ ಎಂಬ ಸಾಧನ ಬಂತು. ಯಂತ್ರ ಹೇಗಿರಬೇಕೆಂದು ಒಂದು ಪುಟ್ಟ ಕಡತದಲ್ಲಿ ಬರೆದರೆ, ತಂಡದ ಪ್ರತಿಯೊಬ್ಬರಿಗೂ ಅದೇ ಅಚ್ಚಿನ ವಿಎಂ ತಯಾರಾಗುತ್ತದೆ.

ನಾಲೆಯ ಸರದಿ ನೆಚ್ಚಿಕೊಳ್ಳಲಾಗದೆ ಬೋರ್‌ವೆಲ್ ಕೊರೆಸಿದ ರೈತನಿಗೆ ಮೊದಲ ವರ್ಷ ಸಿಗುವ ನೆಮ್ಮದಿ ಇದು. ಮೋಟಾರಿನ ಸ್ವಿಚ್ ತನ್ನ ಕೈಲಿದೆ, ಯಾರನ್ನೂ ಕೇಳಬೇಕಾಗಿಲ್ಲ. ಅಕ್ಕಪಕ್ಕದವರೆಲ್ಲ ಕೊರೆಸಿದ ಮೇಲೆ ಗೊತ್ತಾಗುವ ಸಂಗತಿಯೇ ಬೇರೆ: ಸ್ವಿಚ್ ಸ್ವಂತದ್ದು, ನೆಲದಡಿಯ ನೀರು ಎಲ್ಲರದ್ದು. ಒಂದು ಸರ್ವರಿನ ಮೇಲೆ ಸಾಮರ್ಥ್ಯಕ್ಕಿಂತ ಹೆಚ್ಚು ವಿಎಂಗಳನ್ನು ತುಂಬಿದಾಗ ಆಗುವುದೂ ಇದೇ. ಎಲ್ಲರೂ ಒಟ್ಟಿಗೆ ಪ್ರೊಸೆಸರ್ ಬಳಸುವುದಿಲ್ಲ ಎಂಬ ನಂಬಿಕೆಯ ಮೇಲೆ, ಇರುವುದಕ್ಕಿಂತ ಹೆಚ್ಚನ್ನು ಹಂಚುವುದು ವಾಡಿಕೆ. ಅಂಥ ವಿಎಂ ಒಳಗೆ ಟಾಪ್ ಎಂಬ ಆಜ್ಞೆ ಕೊಟ್ಟರೆ, ಪ್ರೊಸೆಸರಿನ ಹೊತ್ತು ಎಲ್ಲೆಲ್ಲಿ ಹೋಯಿತೆಂದು ಹೇಳುವ ಸಾಲಿನ ತುದಿಯಲ್ಲಿ ಎಸ್‌ಟಿ ಎಂಬ ಎರಡಕ್ಷರ ಕಾಣುತ್ತದೆ. ಸ್ಟೀಲ್, ಅಂದರೆ ಕಳುವಾದದ್ದು. ಈ ಯಂತ್ರಕ್ಕೆ ಕೆಲಸವಿತ್ತು, ಆದರೆ ಹೈಪರ್‌ವೈಸರ್ ಆ ಹೊತ್ತನ್ನು ಬೇರೊಂದು ವಿಎಂಗೆ ಕೊಟ್ಟಿತು ಎಂಬುದರ ಲೆಕ್ಕ ಅದು. ಸೊನ್ನೆ ಇರಬೇಕಾದ ಕಡೆ 20 ಎಂದಿದ್ದರೆ ನೆರೆಯವರ ಮೋಟಾರು ಜೋರಾಗಿ ಓಡುತ್ತಿದೆ ಎಂದರ್ಥ. ಹಂಚಿಕೊಂಡ ಯಂತ್ರದಲ್ಲಾದರೆ ಹಾಗೆ ಮಾಡುತ್ತಿರುವವರ ಹೆಸರು ಪಟ್ಟಿಯಲ್ಲೇ ಕಾಣುತ್ತದೆ, ಎದ್ದುಹೋಗಿ ಕೇಳಬಹುದು. ವಿಎಂ ಒಳಗಿನಿಂದ ನೆರೆಯವರು ಯಾರೆಂದೇ ತಿಳಿಯುವುದಿಲ್ಲ.

ಮೆಮೊರಿಯ ಲೆಕ್ಕ ಇನ್ನೂ ಖಡಕ್ಕು. ಒಂದು ಕಚೇರಿಯಲ್ಲಿ 128 ಜಿಬಿ ಮೆಮೊರಿಯ ಸರ್ವರ್, 12 ಮಂದಿ ಡೆವಲಪರ್‌ಗಳು ಇದ್ದಾರೆ ಎಂದಿಟ್ಟುಕೊಳ್ಳಬಹುದು. ತಲೆಗೆ 8 ಜಿಬಿಯ ವಿಎಂ ಕೊಟ್ಟರೆ 96 ಜಿಬಿ ಹಂಚಿಹೋಯಿತು. ಒಬ್ಬರು ಊಟಕ್ಕೆ ಹೋದಾಗಲೂ ಅವರ ವಿಎಂ ತನ್ನ ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು), ತನ್ನ ಹಿನ್ನೆಲೆ ಸೇವೆಗಳನ್ನು ಓಡಿಸುತ್ತಲೇ ಇರುತ್ತದೆ. ಹಾಗೆಯೇ ಒಬ್ಬರಿಗೆ ಅರ್ಧ ಗಂಟೆ ಮಾತ್ರ 30 ಜಿಬಿ ಬೇಕಾದರೆ ಅವರ 8 ಜಿಬಿಯ ಬೇಲಿ ಅಡ್ಡ ಬರುತ್ತದೆ. ಅದೇ 12 ಮಂದಿಗೆ ಖಾತೆ ಮಾತ್ರ ಕೊಟ್ಟಿದ್ದರೆ ಕರ್ನೆಲ್ ಒಂದೇ, ಸಾಮಾನ್ಯ ಲೈಬ್ರರಿಗಳು ಮೆಮೊರಿಗೆ ಬರುವುದೂ ಒಂದೇ ಸಲ. ಊಟಕ್ಕೆ ಹೋದವರ ಪಾಲು ಉಳಿದವರಿಗೆ ತಾನಾಗಿ ಸಿಗುತ್ತದೆ. ವಿಎಂ ಕಡೆಯವರು ಸುಮ್ಮನೆ ಕೂತಿಲ್ಲ. ಬೇರೆ ಬೇರೆ ವಿಎಂಗಳಲ್ಲಿರುವ ಒಂದೇ ತೆರನ ಮೆಮೊರಿ ಪುಟಗಳನ್ನು ಹುಡುಕಿ ಒಂದಾಗಿಸುವ ಉಪಾಯ 2009ರಲ್ಲಿ ಲಿನಕ್ಸ್‌ಗೆ ಸೇರಿತು. ಆದರೂ ಹಂಚಿಕೆಯ ಮಿತವ್ಯಯಕ್ಕೆ ಅದು ಸರಿಗಟ್ಟುವುದಿಲ್ಲ.

ನಿರ್ವಹಣೆಯ ಖರ್ಚನ್ನು ಎಷ್ಟೋ ಕಚೇರಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಭದ್ರತೆಯ ದೋಷವೊಂದು ಬಯಲಾದರೆ ಹಂಚಿಕೊಂಡ ಯಂತ್ರದಲ್ಲಿ ಅಡ್ಮಿನ್ ಒಂದು ಸಲ ತೇಪೆ ಹಾಕಿದರೆ ಮುಗಿಯಿತು. 50 ವಿಎಂಗಳಿದ್ದರೆ 50 ತೇಪೆ. ಸ್ವಂತ ಯಂತ್ರ ಪಡೆದ ಡೆವಲಪರ್‌ಗಳು ತಮಗೆ ಗೊತ್ತಿಲ್ಲದೆಯೇ ಅಡ್ಮಿನ್‌ಗಳೂ ಆಗಿರುತ್ತಾರೆ. ಬಹುತೇಕರು ಆ ಕೆಲಸ ಮಾಡುವುದಿಲ್ಲ. ಕೆಲಸ ಬಿಟ್ಟುಹೋದವರ ವಿಎಂ ತಿಂಗಳುಗಟ್ಟಲೆ ಓಡುತ್ತಲೇ ಇರುವುದು, ಅದರೊಳಗೇನಿದೆಯೋ ಎಂಬ ಭಯಕ್ಕೆ ಯಾರೂ ಅದನ್ನು ನಿಲ್ಲಿಸದಿರುವುದು ಬೆಂಗಳೂರಿನ ಯಾವ ಐಟಿ ವಿಭಾಗಕ್ಕೂ ಹೊಸ ಸುದ್ದಿಯಲ್ಲ. ಕಲಿಕೆಯ ದೃಷ್ಟಿಯಿಂದಲೂ ಒಂದು ನಷ್ಟವಿದೆ. ಒಂದೇ ಯಂತ್ರದಲ್ಲಿ ಕೆಲಸ ಮಾಡುವ ಹೊಸಬರು ಹಿರಿಯರ ಸೆಟ್ಟಿಂಗ್ ಕಡತಗಳನ್ನು, ಪುಟ್ಟ ಸ್ಕ್ರಿಪ್ಟುಗಳನ್ನು ನೋಡಿ ನಕಲು ಮಾಡಿಕೊಂಡು ಬೆಳೆಯುತ್ತಿದ್ದರು. ತಲೆಗೊಂದು ಕೋಣೆಯಾದ ಮೇಲೆ ಆ ಇಣುಕುನೋಟ ನಿಂತುಹೋಗಿದೆ.

ಗೋಡೆಯ ಗಟ್ಟಿತನದ ವಿಷಯಕ್ಕೆ ಬಂದರೆ ವಿಎಂ ಒಂದು ಕೈ ಮೇಲೆ. ಪ್ವನ್‌ಕಿಟ್ ಎಂಬ ದೋಷ 2022ರ ಜನವರಿಯಲ್ಲಿ ಬಯಲಾಯಿತು. ಬಹುತೇಕ ಲಿನಕ್ಸ್‌ಗಳಲ್ಲಿ ಬರುವ ಒಂದು ಸಣ್ಣ ಪ್ರೋಗ್ರಾಂನಲ್ಲಿ ಅದು 2009ರಿಂದಲೂ ಅಡಗಿತ್ತು. ಯಂತ್ರದಲ್ಲಿ ಸಾಧಾರಣ ಖಾತೆ ಇರುವ ಯಾರೇ ಆದರೂ ಅದರಿಂದ ರೂಟ್ ಆಗಬಹುದಿತ್ತು. ಒಬ್ಬರೇ ಬಳಸುವ ವಿಎಂನಲ್ಲಿ ಇದು ದೊಡ್ಡ ಸುದ್ದಿಯಲ್ಲ, ಅವರು ಮೊದಲೇ ರೂಟ್. ಐವತ್ತು ಖಾತೆಗಳ ಯಂತ್ರದಲ್ಲಿ ಅದು ನಿದ್ದೆಗೆಡಿಸುವ ಸುದ್ದಿ. ಹಾಗೆಂದು ವಿಎಂ ಗೋಡೆಯೂ ಕಲ್ಲಿನದ್ದಲ್ಲ. 2015ರಲ್ಲಿ ಪತ್ತೆಯಾದ ವೆನಮ್ ಎಂಬ ದೋಷ ಇದ್ದದ್ದು ಫ್ಲಾಪಿ ಡ್ರೈವಿನ ನಕಲು ಮಾಡುವ ಭಾಗದಲ್ಲಿ. ಫ್ಲಾಪಿಯನ್ನು ಯಾರೂ ಮುಟ್ಟದ ಕಾಲದಲ್ಲೂ ಆ ಭಾಗ ವಿಎಂಗಳೊಳಗೆ ಉಳಿದುಕೊಂಡಿತ್ತು. ಅದರ ಮೂಲಕ ಒಳಗಿನವರು ಹೊರಗಿನ ಯಂತ್ರಕ್ಕೆ ನುಸುಳುವ ಸಾಧ್ಯತೆ ಇತ್ತು. 2018ರಲ್ಲಿ ಹೊರಬಂದ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳು ಪ್ರೊಸೆಸರಿನಲ್ಲೇ ಇದ್ದುದರಿಂದ ಎರಡು ಬಗೆಯ ಗೋಡೆಗಳನ್ನೂ ಅಲುಗಾಡಿಸಿದವು.

ಈ ಎರಡರ ನಡುವೆ 2013ರಲ್ಲಿ ಬಂದ ಡಾಕರ್ ಮನೆಮಾತು ಮಾಡಿದ್ದು ಕಂಟೇನರ್. ಇದರಲ್ಲಿ ಕರ್ನೆಲ್ ಎಲ್ಲರಿಗೂ ಒಂದೇ. ಆದರೆ ಕಡತಗಳು, ಕೆಲಸಗಳ ಪಟ್ಟಿ, ಪೋರ್ಟುಗಳು ಪ್ರತಿ ಕಂಟೇನರಿಗೂ ಬೇರೆ ಬೇರೆ. ಇಬ್ಬರ 8080ರ ಜಗಳ ಇಲ್ಲಿಗೆ ತೀರುತ್ತದೆ, ಎರಡು ಆವೃತ್ತಿಯ ಡೇಟಾಬೇಸುಗಳೂ ಪಕ್ಕಪಕ್ಕದಲ್ಲಿ ಬಾಳುತ್ತವೆ. ಹಂಚಿಕೊಂಡ ಸರ್ವರಿನಲ್ಲಿ ಡಾಕರ್ ಕೊಡುವಾಗ ಮಾತ್ರ ಒಂದು ಎಚ್ಚರ ಬೇಕು. ಡಾಕರ್ ಎಂಬ ಗುಂಪಿಗೆ ಸೇರಿಸಿದ ಖಾತೆ, ಯಂತ್ರದ ಇಡೀ ಡಿಸ್ಕನ್ನು ತನ್ನ ಕಂಟೇನರಿಗೆ ಜೋಡಿಸಿಕೊಂಡು ಏನನ್ನು ಬೇಕಾದರೂ ತಿದ್ದಬಲ್ಲದು. ರೂಟ್ ಕೊಡುವುದಿಲ್ಲ ಎಂದು ಹಟ ಹಿಡಿದ ಅಡ್ಮಿನ್ ಡಾಕರ್ ಗುಂಪಿಗೆ ಸೇರಿಸಿದರೆ ಬಾಗಿಲು ಹಾಕಿ ಕಿಟಕಿ ತೆರೆದಿಟ್ಟಂತೆ.

ಸೂಪರ್‌ಕಂಪ್ಯೂಟರ್ ಕೇಂದ್ರಗಳು ಈ ಕಾರಣಕ್ಕೇ ರೂಟ್ ಬೇಡದ ಬೇರೆ ಬಗೆಯ ಕಂಟೇನರ್‌ಗಳನ್ನು ನೆಚ್ಚಿಕೊಂಡಿವೆ. ಹಂಚಿಕೊಂಡ ಯಂತ್ರದ ಸಂಪ್ರದಾಯ ಇಂದಿಗೂ ಪೂರ್ಣವಾಗಿ ಉಳಿದಿರುವ ಜಾಗ ಅವೇ. ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಚಾಲನೆಗೊಂಡ ಪರಮ್ ಪ್ರವೇಗದ ಸಾಮರ್ಥ್ಯ 3.3 ಪೆಟಾಫ್ಲಾಪ್. ಇಂಥ ಯಂತ್ರದ ಲಾಗಿನ್ ಭಾಗಕ್ಕೆ ಹಲವು ಸಂಶೋಧಕರು ಒಟ್ಟಿಗೆ ಬಂದು, ಅಲ್ಲಿ ಪ್ರೋಗ್ರಾಂ ಸಿದ್ಧಮಾಡಿ, ಸರದಿಗೆ ಒಪ್ಪಿಸಿ ಹೋಗುತ್ತಾರೆ. ಸರದಿ ಬಂದಾಗ ಕೆಲಸ ಓಡಿ ಉತ್ತರ ಕಡತವಾಗಿ ಬಂದು ಕೂರುತ್ತದೆ. ಐಬಿಎಂ 360ರ ಕಾಲದವರು ಬಂದರೆ ಕಾರ್ಡುಗಳಿಲ್ಲ ಎಂಬುದನ್ನು ಬಿಟ್ಟು ಮಿಕ್ಕೆಲ್ಲ ಪದ್ಧತಿಯನ್ನೂ ಗುರುತು ಹಿಡಿದಾರು. ಲಾಗಿನ್ ಭಾಗದಲ್ಲೇ ಭಾರಿ ಲೆಕ್ಕಾಚಾರ ಓಡಿಸುವುದು ಇಂಥ ಕೇಂದ್ರಗಳಲ್ಲಿ ಬೈಗುಳಕ್ಕೆ ಗುರಿಯಾಗುವ ತಪ್ಪು. ಅದು ಆಲೆಮನೆಯ ಬಾಗಿಲಲ್ಲೇ ಗಾಡಿ ಬಿಚ್ಚಿ ನಿಲ್ಲಿಸಿದ ಹಾಗೆ.

ಯಂತ್ರ ಎಲ್ಲಿರಬೇಕು ಎಂಬುದಕ್ಕೆ ನೆಟ್‌ವರ್ಕೂ ಮಾತಾಡುತ್ತದೆ. ಮುತ್ತತ್ತಿಯಂಥ ಕಾಡಂಚಿನ ಊರಿಂದ ಫೋನಿನ ಹಾಟ್‌ಸ್ಪಾಟ್ ನಂಬಿ ಕೆಲಸ ಮಾಡುವವರಿಗೆ ಲ್ಯಾಪ್‌ಟಾಪಿನೊಳಗಿನ ವಿಎಂ ಆದರೆ ಸಿಗ್ನಲ್ ಹೋದರೂ ಕೆಲಸ ಸಾಗುತ್ತದೆ. ಆದರೆ 8 ಜಿಬಿಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಬ್ರೌಸರ್, ಅದರ ಮೇಲೆ 4 ಜಿಬಿಯ ವಿಎಂ ಎಂದರೆ ಯಂತ್ರ ಏದುಸಿರು ಬಿಡುತ್ತದೆ. ಹೊಸ ವಿಎಂನ ಅಚ್ಚು ಇಳಿಸಿಕೊಳ್ಳಬೇಕಾದರೆ ಗಿಗಾಬೈಟ್‌ಗಟ್ಟಲೆ ಡೇಟಾ ಬೇಕು. ದೂರದ ಹಂಚಿಕೊಂಡ ಸರ್ವರಿಗೆ ಬರಿಯ ಅಕ್ಷರಗಳ ಟರ್ಮಿನಲ್ ಮೂಲಕ ಹೋಗುವವರಿಗೆ ಕೆಲವೇ ಕಿಲೋಬೈಟ್ ಸಾಕು. ಟೀಮಕ್ಸ್‌ನಂಥ ಸಾಧನ ಓಡುತ್ತಿದ್ದರೆ ಸಂಪರ್ಕ ತುಂಡಾದರೂ ಕೆಲಸ ಅಲ್ಲಿ ನಡೆಯುತ್ತಲೇ ಇರುತ್ತದೆ. ಮರಳಿ ಲಾಗಿನ್ ಆದಾಗ ಕರ್ಸರ್ ಬಿಟ್ಟ ಜಾಗದಲ್ಲೇ ಮಿಣುಕುತ್ತಿರುತ್ತದೆ. 2012ರಲ್ಲಿ ಬಂದ ಮಾಶ್, ಫೋನ್ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ಹಾರಿದಾಗಲೂ ಲಾಗಿನ್ ಕಡಿಯದಂತೆ ನೋಡಿಕೊಳ್ಳುತ್ತದೆ.

ಬಹುತೇಕ ತಂಡಗಳು ಈಗ ಎರಡನ್ನೂ ಬೆರೆಸಿಯೇ ಬಳಸುತ್ತವೆ. ದೊಡ್ಡ ಡೇಟಾ, ಬೆಲೆಬಾಳುವ ಗ್ರಾಫಿಕ್ಸ್ ಕಾರ್ಡ್, ದುಬಾರಿ ಲೈಸೆನ್ಸಿನ ತಂತ್ರಾಂಶ ಇರುವುದು ಹಂಚಿಕೊಂಡ ಸರ್ವರಿನಲ್ಲಿ; ಮುರಿದು ಕಟ್ಟುವ ಪ್ರಯೋಗಗಳು ವಿಎಂನಲ್ಲಿ. ಒಳ್ಳೆಯ ಅಡ್ಮಿನ್ ಇರುವ, ಎಲ್ಲರೂ ಒಂದೇ ಬಗೆಯ ಕೆಲಸ ಮಾಡುವ ಹತ್ತು ಹನ್ನೆರಡು ಜನರ ತಂಡಕ್ಕೆ ಹಂಚಿಕೊಂಡ ಯಂತ್ರವೇ ಅಗ್ಗ, ಸಾಕಷ್ಟು ನೆಮ್ಮದಿಯದ್ದೂ ಹೌದು. ಅಡ್ಮಿನ್ ಇಲ್ಲದ ಕಡೆ, ಅಥವಾ ಪರಿಚಯವಿಲ್ಲದವರು ಒಟ್ಟಿಗೆ ಇರಬೇಕಾದ ಕಡೆ ವಿಎಂ ಬಿಟ್ಟು ಬೇರೆ ಯೋಚಿಸುವಂತಿಲ್ಲ. ವಿಎಂನ ಭಾರವೂ ಇಳಿಯುತ್ತಿದೆ. ಅಮೆಜಾನ್ 2018ರಲ್ಲಿ ಹೊರತಂದ ಫೈರ್‌ಕ್ರ್ಯಾಕರ್‌ನಲ್ಲಿ ಒಂದು ವಿಎಂ ಏಳಲು ಸೆಕೆಂಡಿನ ಎಂಟನೇ ಒಂದು ಪಾಲು ಸಾಕು. ಒಂದೊಂದು ವಿಎಂಗೆ ಹೈಪರ್‌ವೈಸರ್ ತಗಲಿಸುವ ಮೆಮೊರಿ ಐದು ಎಂಬಿಗೂ ಕಡಿಮೆ. ಫ್ಲಾಪಿಯಂಥ ಹಳೆಯ ಸಾಮಾನುಗಳ ನಕಲನ್ನೆಲ್ಲ ಅದರಿಂದ ಕಿತ್ತುಹಾಕಿರುವುದು ಈ ಹಗುರಕ್ಕೆ ಒಂದು ಕಾರಣ. ಇಷ್ಟು ಹಗುರವಾದ ಮೇಲೆ ಯಾರಾದರೂ ಲಾಗಿನ್ ಆದೊಡನೆ ಅವರಿಗಾಗಿಯೇ ಒಂದು ಯಂತ್ರವನ್ನು ಎಬ್ಬಿಸಿ, ಲಾಗ್‌ಔಟ್ ಆದೊಡನೆ ಅಳಿಸಿಹಾಕಬಹುದು. 1972ರ ವಿಎಂ/370ರಲ್ಲಿಯೂ ಲಾಗಿನ್ ಎಂದರೆ ಬಹುಮಟ್ಟಿಗೆ ಇದೇ ಆಗಿತ್ತು.